ಇನ್ನೂರ ಹನ್ನೆರಡು ಸಲ ಸಾರಿಸಿದ ನೆಲ

ಮನುಷ್ಯ ನಡೆದುಹೋದ ಮೇಲೆ ಅವನ ನಡಿಗೆಯನ್ನು ನೆಲ ಎಷ್ಟು ಕಾಲ ಇಟ್ಟುಕೊಂಡಿರುತ್ತದೆ? ಈ ಪ್ರಶ್ನೆ ಡಾ. ವಾರಿಜಾ ಕಂಠಿಯ ತಲೆ ಹೊಕ್ಕಿದ್ದು ಒಂದು ಸೇತುವೆಯ ದೆಸೆಯಿಂದ. ಶಬ್ದದ ಅಲೆಗಳನ್ನು ಕಾಂಕ್ರೀಟಿನೊಳಗೆ ಕಳಿಸಿ ಬಿರುಕು ಪತ್ತೆಹಚ್ಚುವುದು ಆಗ ಅವಳ ಉದ್ಯೋಗ. ನರಗುಂದದ ಕಡೆ ಒಂದು ಸೇತುವೆಯನ್ನು ಪರೀಕ್ಷಿಸಲು ಹೋದವಳು ಬಿಸಿಲಿಗೆ ಸಾಕಾಗಿ, ಪಕ್ಕದ ಮಣ್ಣಿನ ಮನೆಯ ಪಡಸಾಲೆಯಲ್ಲಿ ಯಂತ್ರ ಇಳಿಸಿ ನೀರು ಕೇಳಿದಳು. ಯಂತ್ರವನ್ನು ಆರಿಸಲು ಮರೆತಿದ್ದಳು. ನೀರು ಕುಡಿದು ನೋಡಿದರೆ ಪರದೆಯ ಮೇಲೆ ಆ ನೆಲದೊಳಗಿನ ನೂರಾರು ತೆಳುಪದರಗಳು ಪುಸ್ತಕದ ಹಾಳೆಗಳಂತೆ ಮೂಡಿದ್ದವು. ಬಾಗಿಲಿನಿಂದ ಒಲೆಗೆ ಹೋಗುವ ಜಾಡಿನಲ್ಲಿ ಮಾತ್ರ ಪ್ರತಿ ಹಾಳೆಯೂ ಒತ್ತಿ ಗಟ್ಟಿಯಾಗಿತ್ತು.

ಸಗಣಿ ಹಾಕಿ ಸಾರಿಸಿದ ನೆಲದ ಗುಟ್ಟೇ ಅದು. ಒಂದು ಸಲ ಸಾರಿಸಿದ ಮೇಲೆ ಮುಂದಿನ ಸಲ ಸಾರಿಸುವವರೆಗೆ ಅದರ ಮೇಲೆ ಓಡಾಡಿದವರ ಭಾರವೆಲ್ಲ ಆ ಪದರದ ಕಣಗಳನ್ನು ಒತ್ತುತ್ತದೆ. ಆಮೇಲೆ ಹೊಸ ಪದರ ಬಂದು ಹಳೆಯದನ್ನು ಮುಚ್ಚಿಬಿಡುತ್ತದೆ. ಒತ್ತಿದ ಕಣಗಳ ಮೂಲಕ ಶಬ್ದ ಬೇಗ ಹಾಯುತ್ತದೆ, ಒತ್ತದವುಗಳ ಮೂಲಕ ತಡವಾಗಿ. ಆ ವ್ಯತ್ಯಾಸವನ್ನು ಕೂದಲೆಳೆಯಷ್ಟು ಸೂಕ್ಷ್ಮವಾಗಿ ಅಳೆದರೆ ಯಾವ ಪದರದಲ್ಲಿ ಯಾರು, ಎಷ್ಟು ತೂಕದವರು, ಯಾವ ಕಡೆಗೆ ಹೆಜ್ಜೆ ಹಾಕಿದರು ಎಂದು ಹೇಳಬಹುದು. ಹೀಗೆ ಹೇಳುವುದು ಸುಲಭವಾಗಿತ್ತು. ಅದನ್ನು ಮಾಡಿ ತೋರಿಸುವ ಯಂತ್ರಕ್ಕೆ ವಾರಿಜಾಳ ಬದುಕಿನ ಹನ್ನೊಂದು ವರ್ಷ ಹೋಯಿತು. ನಾಲ್ಕು ಮೋಟುಗಾಲುಗಳ ಮೇಲೆ ನಿಲ್ಲುವ, ಹಿಟ್ಟಿನ ಡಬ್ಬಿಯಂತಿದ್ದ ಆ ಯಂತ್ರಕ್ಕೆ ಅವಳ ವಿದ್ಯಾರ್ಥಿಗಳು ‘ಹೆಜ್ಜೆಗನ್ನಡಿ’ ಎಂದು ಹೆಸರಿಟ್ಟರು. ಈ ಅವಧಿಯಲ್ಲಿ ಅವಳಿಗೆ ಒಂದು ಚಟವೂ ಅಂಟಿಕೊಂಡಿತು. ಮುಖ ನೋಡುವ ಮೊದಲು ಜನರ ಕಾಲು ನೋಡುತ್ತಿದ್ದಳು.

ಯಂತ್ರಕ್ಕೆ ನಿಜವಾದ ಪರೀಕ್ಷೆ ಎದುರಾದದ್ದು ರಾಯಚೂರು ಸೀಮೆಯ ಹಾಲದಿನ್ನಿಯಲ್ಲಿ. ದಿನ್ನಿ ಎಂದರೆ ದಿಬ್ಬ. ನಾಲ್ಕು ಸಾವಿರ ವರ್ಷಗಳ ಹಿಂದೆ ಅಲ್ಲಿದ್ದ ದನಗಾರರು ಸಗಣಿಯ ರಾಶಿಗೆ ಮತ್ತೆ ಮತ್ತೆ ಬೆಂಕಿ ಇಟ್ಟು, ಆ ಬೂದಿಯೇ ಗುಡ್ಡದಂತೆ ಬೆಳೆದಿತ್ತು. ಆ ಬೂದಿದಿಬ್ಬದ ಮಗ್ಗುಲಲ್ಲಿ ಪುರಾತತ್ವಜ್ಞ ಡಾ. ಮಲ್ಲಿನಾಥ ಇಂಡಿಯವರು ಐದು ವರ್ಷದಿಂದ ಅಗೆಸುತ್ತಿದ್ದರು. ಹಿಂದಿನ ವರ್ಷ ಅವರಿಗೆ ಒಂದು ದುಂಡು ಗುಡಿಸಲಿನ ನೆಲ ಇಡಿಯಾಗಿ ಸಿಕ್ಕಿತ್ತು. ಹೆಜ್ಜೆಗನ್ನಡಿ ಆ ನೆಲದೊಳಗೆ ಇನ್ನೂರ ಹನ್ನೆರಡು ಪದರಗಳನ್ನು ಎಣಿಸಿತು. ಪದರಗಳಲ್ಲಿ ಸಿಕ್ಕ ಹೊಟ್ಟು, ಹುಲ್ಲಿನ ಬೀಜಗಳಿಂದ ಋತುಗಳ ಲೆಕ್ಕ ಹಾಕಿದಾಗ ವರ್ಷಕ್ಕೆ ಸುಮಾರು ಇಪ್ಪತ್ತು ಸಲ ಸಾರಿಸಿದಂತೆ ಕಂಡಿತು. ಅಂದರೆ ಹತ್ತು ವರ್ಷಕ್ಕೂ ಮಿಕ್ಕಿ ಒಂದು ಕುಟುಂಬ ಆ ಸೂರಿನಡಿ ಬಾಳಿತ್ತು. ಮೊದಲ ಪದರದಿಂದಲೇ ಮೂರು ಜನರ ಹೆಜ್ಜೆಗಳು ಬೇರೆಬೇರೆಯಾಗಿ ಕಂಡವು. ಇಂಡಿಯವರು ಅವರನ್ನು ಒಂದು, ಎರಡು, ಮೂರು ಎಂದು ಕರೆದರು. ಮೂರನೆಯವರು ಎಲ್ಲರಿಗಿಂತ ಭಾರ, ಬಹುಶಃ ಗಂಡಸು.

ಅರವತ್ತನೆಯ ಪದರದವರೆಗೆ ಎಲ್ಲ ಸರಿಯಿತ್ತು. ಅರವತ್ತೊಂದರಲ್ಲಿ ಮೂರನೆಯವರ ಹೆಜ್ಜೆಗಳೇ ಇರಲಿಲ್ಲ. ಅರವತ್ತನಾಲ್ಕರಲ್ಲಿ ಮತ್ತೆ ಕಾಣಿಸಿಕೊಂಡಾಗ ಬಲಗಾಲು ಮೊದಲಿನಂತೆಯೇ ಇತ್ತು. ಎಡಗಾಲಿನ ಜಾಗದಲ್ಲಿ ಮಾತ್ರ ಹೆಜ್ಜೆಯ ಬದಲು ಕುಡುಗೋಲಿನಂತೆ ಬಾಗಿದ ಒಂದೊಂದು ಗೆರೆ. ಅದೇ ಪದರದಿಂದ ಗೋಡೆಯ ಗುಂಟ, ಮಲಗುವ ಕಡೆಯಿಂದ ಬಾಗಿಲಿನವರೆಗೆ, ಎಂಟು ಗೂಟದ ಕುಳಿಗಳು ಶುರುವಾಗಿದ್ದವು.

ವಾರಿಜಾ ಗೆರೆಗಳನ್ನೂ ಕುಳಿಗಳನ್ನೂ ಒಂದೇ ಚಿತ್ರದಲ್ಲಿ ಇಟ್ಟು ನೋಡಿದಳು. ಯಾರದೋ ಕಾಲಿಗೆ ಏನೋ ಆಗಿದೆ, ಮನೆಯವರು ಹಿಡಿದುಕೊಂಡು ನಡೆಯಲು ಗೂಟ ನೆಟ್ಟಿದ್ದಾರೆ ಎಂದು ಅವಳಿಗೆ ಅನ್ನಿಸಿತು. ಆದರೆ ಆ ಎಂಟು ಕುಳಿಗಳ ಬಗ್ಗೆ ಇಂಡಿಯವರು ಆಗಲೇ ಲೇಖನ ಪ್ರಕಟಿಸಿದ್ದರು. ಅವು ಎಳೆಗರುಗಳನ್ನು ಮನೆಯೊಳಗೆ ಕಟ್ಟುತ್ತಿದ್ದ ಗೂಟಗಳು, ಮನುಷ್ಯರೂ ದನಗಳೂ ಒಂದೇ ಸೂರಿನಡಿ ಬದುಕಿದ್ದಕ್ಕೆ ಅದೇ ಪುರಾವೆ ಎಂಬುದು ಅವರ ವಾದವಾಗಿತ್ತು. ಬಾಗಿದ ಗೆರೆ ಮೇವಿನ ಹೊರೆ ಎಳೆದ ಗುರುತು ಎಂದರು. ಅವರು ಸಿಡುಕುವ ಮನುಷ್ಯರಲ್ಲ. ವಾರಿಜಾ ಹೇಳಿದ್ದನ್ನೆಲ್ಲ ತಲೆಯಾಡಿಸುತ್ತ ಕೇಳಿದರು.

“ನಿಮ್ಮ ಯಂತ್ರ ಹೆಜ್ಜಿ ತೋರಸ್ತದ, ನಾ ಒಪ್ಪತೀನಿ,” ಎಂದರು ಕೊನೆಗೆ. “ನೋವು ತೋರಸೂದಿಲ್ಲ. ಅದನ್ನ ನೀವು ನೋಡಾಕತ್ತೀರಿ.”

ಶಿವರಾತ್ರಿ ಕಳೆದ ಮೇಲೆ ಬಿಸಿಲು ಏರುತ್ತದೆ. ಅಷ್ಟರಲ್ಲಿ ಗುಂಡಿಯನ್ನು ಮಣ್ಣು ತುಂಬಿ ಮುಚ್ಚಿ ವರದಿ ಕಳಿಸಬೇಕಿತ್ತು. ಕೈಯಲ್ಲಿ ಇನ್ನು ಎರಡೂವರೆ ತಿಂಗಳಿತ್ತು. ಒಮ್ಮೆ ಕರುವಿನ ಗೂಟ ಎಂದು ವರದಿಯಲ್ಲಿ ಬಿದ್ದರೆ ಅದನ್ನು ತಿದ್ದುವ ಹೊತ್ತಿಗೆ ತನಗೆ ತಲೆ ನೆರೆತಿರುತ್ತದೆ ಎಂದು ವಾರಿಜಾಳಿಗೆ ಗೊತ್ತಿತ್ತು.

ಅವಳು ಉಳಿದುಕೊಂಡದ್ದು ಊರಿನ ಹುಲಿಗೆಮ್ಮನ ಮನೆಯ ಮುಂದಿನ ಕೋಣೆಯಲ್ಲಿ. ಹುಲಿಗೆಮ್ಮ ಅಗೆತದ ಕೆಲಸಕ್ಕೂ ಬರುತ್ತಿದ್ದಳು. ಮಣ್ಣಿನ ಬಣ್ಣ ಬದಲಾದದ್ದನ್ನು ಮೊದಲು ಗುರುತಿಸುವ ಕಣ್ಣು ಅವಳದು. ಗಂಡ ಯಂಕೋಬ ಇಪ್ಪತ್ತೆಂಟು ವರ್ಷ ಲಾರಿ ಓಡಿಸಿದವನು. ಎರಡು ವರ್ಷದ ಹಿಂದೆ ಲಕ್ವಾ ಹೊಡೆದು ಎಡಗಾಲು ಬಿದ್ದುಹೋಗಿತ್ತು, ಎಡಗೈ ಅರ್ಧ ಬಂದಿತ್ತು. ಮಂಚದಿಂದ ಬಚ್ಚಲಿನವರೆಗೆ ಹುಲಿಗೆಮ್ಮ ಗೋಡೆಗೆ ಸೊಂಟದೆತ್ತರಕ್ಕೆ ಹಗ್ಗ ಕಟ್ಟಿದ್ದಳು. ಯಂಕೋಬ ಆ ಹಗ್ಗ ಹಿಡಿದು ನಡೆಯುತ್ತಿದ್ದದ್ದು ಹೆಂಡತಿ ಮತ್ತು ಎರಡು ವರ್ಷದ ಮೊಮ್ಮಗಳು ಪಾರಿ ಬಿಟ್ಟು ಬೇರೆ ಯಾರೂ ಇಲ್ಲದಾಗ. ಹೊರಗಿನವರು ಬಂದರೆ ಮಂಚದ ಮೇಲೆ ಕೂತು ದೊಡ್ಡ ದನಿಯಲ್ಲಿ ಮಾತಾಡಿಸುತ್ತಿದ್ದ. ಗೋವೆಯ ಘಾಟಿನ ಕಥೆಗಳನ್ನು ಹೇಳಿ ನಗಿಸುತ್ತಿದ್ದ. ಆದರೆ ಎದ್ದು ನಿಲ್ಲುತ್ತಿರಲಿಲ್ಲ. ವಾರಿಜಾ ಆ ಮನೆಗೆ ಬಂದು ತಿಂಗಳಾದರೂ ಅವನ ನಡಿಗೆ ನೋಡಿರಲಿಲ್ಲ.

ಒಂದು ಭಾನುವಾರ ಅವಳು ಊಟದ ನಂತರ ಲ್ಯಾಪ್‌ಟಾಪಿನಲ್ಲಿ ಎಂಟು ಕುಳಿಗಳ ಚಿತ್ರ ತೆಗೆದು ಕೂತಿದ್ದಾಗ ಹುಲಿಗೆಮ್ಮ ಹಿಂದೆ ಬಂದು ನಿಂತಳು. ಇಂಡಿ ಸಾಹೇಬರು ಏನಂತಾರೆ ಎಂದು ಕೇಳಿದಳು. ಕರು ಕಟ್ಟುವ ಗೂಟವಂತೆ ಎಂದು ವಾರಿಜಾ ಹೇಳಿದಳು.

“ಕರ ಕಟ್ಟಿದ ಜಾಗ ಅಲ್ರೀ ಅಕ್ಕಾರ ಇದು,” ಎಂದಳು ಹುಲಿಗೆಮ್ಮ. “ಕರ ಕಟ್ಟಿದ್ರ ಉಚ್ಚಿ ಹೊಯ್ದು ನೆಲ ತೆಗ್ಗು ಬೀಳ್ತಿತ್ತು. ನಾನಾ ಕೈಯಾರೆ ಕೆರದು ನೋಡೀನಿ, ಹೊಸ್ತಿಲದಂಗ ನುಣ್ಣಗ ಐತಿ. ಕರದ ಜಾಗನ ಯಾವ ಹೆಣ್ಮಗಳು ಇಷ್ಟು ಜೀವ ಬಿಟ್ಟು ಸಾರಸ್ತಾಳ?” ಮಂಚದ ಕಡೆ ನೋಡಿ ದನಿ ತಗ್ಗಿಸಿದಳು. “ನಮ್ಮ ಮನ್ಯಾಗ ಹಗ್ಗ ಐತಲ್ರೀ, ಅದಾ ಇದು.”

ಮರುದಿನ ವಾರಿಜಾ ಇದನ್ನು ಇಂಡಿಯವರ ಮುಂದಿಟ್ಟಳು. ಅವರು ಕಾಗದದ ಮೇಲೆ ಗುಡಿಸಲು ಬರೆದು, ಗೂಟಗಳ ಸಾಲು ಎಳೆದು, ಒಂದು ಪ್ರಶ್ನೆ ಕೇಳಿದರು. ಯಂಕೋಬನಂತೆ ಎಡಗಾಲೂ ಎಡಗೈಯೂ ಬಿದ್ದವನು ಬಲಗೈಯಲ್ಲಿ ಗೂಟ ಹಿಡಿದು ಹೊರಗೆ ಹೋಗಬಹುದು. ವಾಪಸು ಬರುವಾಗ ಅದೇ ಗೂಟಗಳು ಅವನ ಎಡಕ್ಕೆ ಬರುತ್ತವೆ, ಬಲವಿಲ್ಲದ ಕೈಯ ಕಡೆಗೆ. ಹಾಗಾದರೆ ಆತ ಒಳಗೆ ಬಂದದ್ದು ಹೇಗೆ? ವಾರಿಜಾ ಆ ಕಾಗದವನ್ನು ಮನೆಗೆ ಒಯ್ದಳು. ಅಂದು ಸಂಜೆ ಹುಲಿಗೆಮ್ಮನನ್ನು ಕೇಳಿದರೆ ಅವಳಿಗೆ ಇದರಲ್ಲಿ ಪ್ರಶ್ನೆ ಏನಿದೆ ಎಂದೇ ತಿಳಿಯಲಿಲ್ಲ.

“ಬರಾಗ ನಾ ಇರ್ತೀನಲ್ರೀ,” ಎಂದಳು.

ವಾರಿಜಾ ಯಂತ್ರದ ದಾಖಲೆಗಳಿಗೆ ಹಿಂತಿರುಗಿದಳು. ಹೊರಗೆ ಹೋಗುವ ಹೆಜ್ಜೆಗಳನ್ನೂ ಒಳಗೆ ಬರುವ ಹೆಜ್ಜೆಗಳನ್ನೂ ಬೇರ್ಪಡಿಸಲು ಮೂರು ದಿನ ಹಿಡಿಯಿತು. ಹೊರಗೆ ಹೋಗುವಾಗ ಮೂರನೆಯವರು ಒಬ್ಬರೇ. ಒಳಗೆ ಬರುವಾಗ ಪ್ರತಿ ಸಲವೂ ಅವರ ಬಲ ಮಗ್ಗುಲಿಗೆ ಇನ್ನೊಂದು ಜೊತೆ ಹೆಜ್ಜೆ ಇತ್ತು, ಹಗುರ ತೂಕದ್ದು, ಅವರ ನಡಿಗೆಗೆ ಸರಿಯಾಗಿ ತನ್ನ ನಡಿಗೆಯನ್ನು ಮೊಟಕು ಮಾಡಿಕೊಂಡದ್ದು. ಅದು ಎರಡನೆಯವರ ಹೆಜ್ಜೆ. ಅವರ ಉಳಿದ ಓಡಾಟವೆಲ್ಲ ಬೀಸುನಡಿಗೆ. ಇಲ್ಲಿ ಮಾತ್ರ ಅರ್ಧರ್ಧ ಹೆಜ್ಜೆ.

ಇಂಡಿಯವರು ಆ ಚಿತ್ರವನ್ನು ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು. ಒಪ್ಪಿದೆ ಎನ್ನಲಿಲ್ಲ. ಇಂಥ ಕಾಲುಳ್ಳ ಮನುಷ್ಯ ಇಂಥ ನೆಲದ ಮೇಲೆ ನಡೆದರೆ ಅದೇ ಕುಡುಗೋಲಿನ ಗೆರೆ ಬೀಳುತ್ತದೆಯೇ ಎಂದು ಮಾಡಿ ತೋರಿಸಿ, ಲೇಖನವನ್ನು ನಾನೇ ಹಿಂತೆಗೆದುಕೊಳ್ಳುತ್ತೇನೆ ಎಂದರು.

ಹೀಗೆ ವಿಷಯ ಯಂಕೋಬನ ಮಂಚದ ಬಳಿ ಬಂದು ನಿಂತಿತು. ವಾರಿಜಾ ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಬಿಡಿಸಿ ಹೇಳಿದಳು. ಅವನು ಮೊದಲು ಸಿಟ್ಟಾದ. ತಾನು ಕಾಲೆಳೆದು ನಡೆಯುವುದನ್ನು ಮಿಷನ್ನಿನಲ್ಲಿ ಹಿಡಿದು ಊರಿಗೆಲ್ಲ ತೋರಿಸುವ ವಿಚಾರವೇ ಎಂದು ಗೋಡೆಯ ಕಡೆ ಮುಖ ಮಾಡಿದ. ಅವಳು ಒತ್ತಾಯಿಸಲಿಲ್ಲ. ಎದ್ದು ಕೋಣೆಗೆ ಹೊರಟಾಗ ಅವನೇ ಕೇಳಿದ.

“ಅವ್ನಿಗೂ ಎಡಗಾಲಾ?”

“ಹೌದು, ಎಡಗಾಲು.”

“ಎಷ್ಟು ವರ್ಷ ಬದುಕಿದ್ನಂತ ಆಮ್ಯಾಲೆ?”

ಕೊನೆಯ ಪದರದವರೆಗೂ ಅವರ ಹೆಜ್ಜೆ ಇದೆ, ಏಳು ವರ್ಷಕ್ಕಂತೂ ಕಡಿಮೆಯಿಲ್ಲ ಎಂದಳು ವಾರಿಜಾ. ಯಂಕೋಬ ಸೂರಿನ ಕಡೆ ನೋಡುತ್ತ ಏನೋ ಲೆಕ್ಕ ಹಾಕಿದ. ಆಮೇಲೆ ಒಳಗಿದ್ದ ಹೆಂಡತಿಯನ್ನು ಕೂಗಿ, ಪಡಸಾಲೆಯ ನೆಲ ಸಾರಿಸು ಎಂದ.

ಪಡಸಾಲೆಯಲ್ಲಿ ಗೋಡೆಯ ಗುಂಟ ಎಂಟು ಜಾಲಿಯ ಗೂಟ ನೆಟ್ಟರು, ಗುಡಿಸಲಿನಲ್ಲಿದ್ದಷ್ಟೇ ಅಂತರಕ್ಕೆ. ಹುಲಿಗೆಮ್ಮ ಸಗಣಿಗೆ ಬೂದಿ ಕಲಸಿ ಸಾರಿಸಿದಳು. ಯಂಕೋಬ ಎಂಟು ದಿನ ಅದರ ಮೇಲೆ ನಡೆಯುವುದು, ಮತ್ತೆ ಸಾರಿಸುವುದು, ಹೀಗೆ ಮೂರು ಸುತ್ತು. ಮೊದಲ ದಿನ ವಾರಿಜಾ, ಇಂಡಿಯವರು, ಇಬ್ಬರು ವಿದ್ಯಾರ್ಥಿಗಳು, ನೆರೆಮನೆಯವರು ಎಲ್ಲ ಸೇರಿದ್ದರು. ಯಂಕೋಬನ ಹಣೆಯಲ್ಲಿ ಬೆವರಿಳಿಯಿತು. ಯಾರ ಮುಖವನ್ನೂ ನೋಡದೆ ನಡೆದ. ಮುಂದಿನ ಏಳು ದಿನವೂ ಯಾರಾದರೊಬ್ಬರು ಬಾಗಿಲಲ್ಲಿ ನಿಂತು ನೋಡುತ್ತಲೇ ಇದ್ದರು.

ಮೊದಲ ಸುತ್ತಿನ ಫಲ ಬಂದಾಗ ವಾರಿಜಾ ಅದನ್ನು ಎರಡೆರಡು ಸಲ ನೋಡಿದಳು. ಯಂಕೋಬನ ಎಡಗಾಲಿನ ಗೆರೆ ನೆಟ್ಟಗಿತ್ತು. ಎಲ್ಲಿಯೂ ಕುಡುಗೋಲಿನ ಬಾಗು ಇರಲಿಲ್ಲ. ಇಂಡಿಯವರು ಗೆದ್ದೆ ಎಂದು ಬೀಗಲಿಲ್ಲ, ಅದೇ ಅವಳಿಗೆ ಇನ್ನಷ್ಟು ಕಷ್ಟವಾಯಿತು. ಅಂದು ಊಟ ಸೇರದೆ ಕೂತಿದ್ದವಳ ಬಳಿ ಹುಲಿಗೆಮ್ಮ ಬಂದು, ಇದು ತನ್ನ ಗಂಡನ ನಡಿಗೆಯೇ ಅಲ್ಲ ಎಂದು ಹೇಳಿದಳು. ಮಂದಿ ನೋಡುತ್ತಾರೆಂದು ಅವನು ಕಾಲನ್ನು ನೆಲಕ್ಕೆ ಒತ್ತಿ ಮೆಲ್ಲಗೆ ಜಾರಿಸುತ್ತಾನೆ, ಕುಂಟುವುದು ಕಾಣಬಾರದೆಂದು. ಯಾರೂ ಇಲ್ಲದಾಗ ಕಾಲನ್ನು ಹೊರಗೆ ಬೀಸಿ ಬೀಸಿ ಜೋರಾಗಿ ನಡೆಯುತ್ತಾನೆ. ನೀವೆಲ್ಲ ಹೊರಗೆ ಹೋಗಿರಿ ಎಂದಳು.

ಎರಡನೆಯ ಸುತ್ತಿಗೆ ಎಲ್ಲರೂ ಹೊರಗಿದ್ದರು. ವಾರಿಜಾ ಎಂಟು ದಿನ ಹಿತ್ತಲ ಬಾಗಿಲಿನಿಂದ ಓಡಾಡಿದಳು. ಒಂಬತ್ತನೆಯ ದಿನ ಹೆಜ್ಜೆಗನ್ನಡಿಯನ್ನು ಇಟ್ಟು ನೋಡಿದಾಗ ಪರದೆಯ ತುಂಬ ಕುಡುಗೋಲುಗಳು. ನಾಲ್ಕು ಸಾವಿರ ವರ್ಷದ ಹಿಂದಿನ ಗೆರೆಯನ್ನು ಅದರ ಮೇಲೆ ಇಟ್ಟರೆ ಬಾಗು ಬಾಗಿಗೆ ಕೂಡಿತು. ವಾರಿಜಾ ಲ್ಯಾಪ್‌ಟಾಪನ್ನು ಹಾಗೆಯೇ ಎತ್ತಿಕೊಂಡು ಹೋಗಿ ಯಂಕೋಬನಿಗೆ ತೋರಿಸಿದಳು. ಇದು ನಿಮ್ಮದು, ಇದು ಅವರದು ಎಂದಳು. ಹಳೆಯ ಗೆರೆಯ ಸುತ್ತ ಇದ್ದ ಉಳಿದ ಚುಕ್ಕೆಗಳು ಯಾರವು ಎಂದು ಅವನು ಕೇಳಿದ. ಅವು ಮನೆಯ ಬೇರೆಯವರ ಹೆಜ್ಜೆಗಳು, ಅದೇ ಪದರದಲ್ಲಿ, ಅದೇ ದಿನಗಳಲ್ಲಿ ಓಡಾಡಿದವು ಎಂದಳು. ಎಷ್ಟೋ ಹೊರಗಿನವರ ಹೆಜ್ಜೆಗಳೂ ಇದ್ದವು. ಆ ಮನೆಗೆ ಜನ ಬಂದು ಹೋಗುತ್ತಿದ್ದರು.

“ಹಂಗಾರ ಅವ್ನು ಮಂದಿ ಮುಂದ ನಾಚಿಗಿ ಪಟ್ಟಿಲ್ಲ,” ಎಂದ ಯಂಕೋಬ.

ಮೂರನೆಯ ಸುತ್ತಿಗೆ ಅವನು ಯಾರನ್ನೂ ಹೊರಗೆ ಕಳಿಸಲಿಲ್ಲ. ವಾರಿಜಾ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದಾಗಲೇ ಮಂಚದಿಂದ ಎದ್ದ. ಕಾಲು ಬೀಸಿ, ಗೂಟದಿಂದ ಗೂಟಕ್ಕೆ ಕೈ ಹಾಕಿ, ಬಾಗಿಲಿಗೆ ಹೋಗಿ, ಬೀದಿಯಲ್ಲಿ ಹೋಗುತ್ತಿದ್ದವನೊಬ್ಬನನ್ನು ಕೂಗಿ ಮಾತಾಡಿಸಿದ. ಅಡುಗೆಮನೆಯಲ್ಲಿದ್ದ ಹುಲಿಗೆಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು. ಮತ್ತೆ ಬಡಿಯಲು ಶುರುಮಾಡಿದಳು.

ಇಂಡಿಯವರು ಮಾತಿಗೆ ತಪ್ಪಲಿಲ್ಲ. ಲೇಖನ ಹಿಂತೆಗೆದುಕೊಳ್ಳುವ ಪತ್ರವನ್ನು ತಾವೇ ಬರೆದು ವಾರಿಜಾಳಿಗೆ ಓದಲು ಕೊಟ್ಟರು. ಅದರ ಜೊತೆಗೇ ಹೊಸ ತಲೆನೋವೊಂದು ಬಂತು. ನೂರ ಮೂವತ್ತೊಂದನೆಯ ಪದರದಲ್ಲಿ ನಾಲ್ಕನೆಯ ಜೀವವೊಂದು ಕಾಣಿಸಿಕೊಂಡಿತು, ಹತ್ತು ಕಿಲೋ ತೂಕದ ಪುಟ್ಟ ಹೆಜ್ಜೆಗಳು. ಮಗು ಅದೇ ಗೂಟಗಳ ಗುಂಟ ನಡೆಯಲು ಕಲಿತಿತ್ತು. ಆದರೆ ಆ ಮಗುವಿನ ಎಡಗಾಲಿನ ಗುರುತೂ ಪುಟ್ಟ ಕುಡುಗೋಲು. ಇದು ವಂಶದಲ್ಲಿ ಬಂದ ರೋಗ, ಅಥವಾ ಕುಡಿಯುವ ನೀರಿನ ದೋಷ ಎಂದು ಇಂಡಿಯವರು ಮೂಳೆತಜ್ಞರಿಗೆ ಬರೆಯಲು ಕೂತರು. ವಾರಿಜಾಳಿಗೂ ಮನಸ್ಸು ಮುದುಡಿತು. ಆ ಮನೆಗೆ ಇನ್ನೊಂದು ಕಷ್ಟ ಬರಬಾರದಿತ್ತು ಎಂದು, ತನಗೆ ಸಂಬಂಧವೇ ಇಲ್ಲದವರ ಬಗ್ಗೆ, ದಾರಿಯುದ್ದಕ್ಕೂ ಅಂದುಕೊಳ್ಳುತ್ತ ಬಂದಳು.

ಪಡಸಾಲೆಯಲ್ಲಿ ಯಂಕೋಬ ಬಾಗಿಲ ಕಡೆ ನಡೆಯುತ್ತಿದ್ದ. ಅವನ ಹಿಂದೆ ಪಾರಿ ನಡೆಯುತ್ತಿದ್ದಳು. ಒಂದು ಕೈಯಲ್ಲಿ ಗೂಟ ಹಿಡಿದು, ಹುಬ್ಬು ಗಂಟಿಕ್ಕಿ, ಎಡಗಾಲನ್ನು ಹೊರಗೆ ಬೀಸಿ ಬೀಸಿ, ಅಜ್ಜನ ಪ್ರತಿ ಹೆಜ್ಜೆಗೂ ತನ್ನದೊಂದು ಹೆಜ್ಜೆ. ಬಾಗಿಲು ಮುಟ್ಟಿದ ಕೂಡಲೇ ಕುಂಟುವುದನ್ನು ಬಿಟ್ಟು ಅಂಗಳಕ್ಕೆ ಓಡಿದಳು.

ವಾರಿಜಾ ನಕ್ಕ ನಗೆಗೆ ಹುಲಿಗೆಮ್ಮ ಗಾಬರಿಯಾಗಿ ಹೊರಗೆ ಬಂದಳು. ಮರುದಿನ ಮೇಲಿನ ಪದರಗಳನ್ನು ಓದಿದಾಗ ಎಲ್ಲ ಸ್ಪಷ್ಟವಾಯಿತು. ನೂರ ಮೂವತ್ತಾರರ ಹೊತ್ತಿಗೆ ಆ ಮಗು ಎರಡೂ ಕಾಲಿನಲ್ಲಿ ನೆಟ್ಟಗೆ ನಡೆಯುತ್ತಿತ್ತು, ಬಹುಪಾಲು ಓಡುತ್ತಿತ್ತು. ಇಂಡಿಯವರು ಮೂಳೆತಜ್ಞರಿಗೆ ಬರೆದ ಪತ್ರವನ್ನು ಹರಿದುಹಾಕಿದರು.

ಗುಂಡಿ ಮುಚ್ಚಲು ಹನ್ನೆರಡು ದಿನ ಉಳಿದಿತ್ತು. ಆಗ ಯಂಕೋಬ ಒಂದು ಪ್ರಶ್ನೆ ಕೇಳಿದ. ಆ ಮನುಷ್ಯ ಹೊಸ್ತಿಲು ದಾಟಿ ಎಲ್ಲಿಗೆ ಹೋಗುತ್ತಿದ್ದ? ವಾರಿಜಾ ಗೊತ್ತಿಲ್ಲವೆಂದಳು. ಹೊರಗೆ ಸಾರಿಸಿದ ನೆಲವಿಲ್ಲ, ಮಳೆಗಾಳಿಗೆ ಹೆಜ್ಜೆಗಳೆಲ್ಲ ಅಳಿಸಿಹೋಗಿವೆ.

“ಹೊರಗೂ ಗೂಟ ಇರ್ತಾವ,” ಎಂದ ಯಂಕೋಬ. “ಒಳಗ ಎಂಟು ಗೂಟ ಹಾಕಿದಾಕಿ ಹೊಸ್ತಿಲಕ್ಕ ಬಿಟ್ಟು ಸುಮ್ಮನಾಗ್ತಾಳನು? ಬಲಕ್ಕ ಅಗದು ನೋಡ್ರಿ. ಒಳಗ ಬಲಗೈಲೆ ಹಿಡದಾಂವ ಹೊರಗೂ ಬಲಗೈಲೇ ಹಿಡೀತಾನ.”

ಗೂಟ ಹಾಕಿದ್ದು ಹೆಂಗಸು ಎಂಬುದಕ್ಕೆ ಪುರಾವೆ ಇಲ್ಲ ಎಂದು ಇಂಡಿಯವರು ಗೊಣಗಿದರು. ಆದರೂ ಕೆಲಸಗಾರರನ್ನು ಕರೆದು ಹೊಸ್ತಿಲಿನ ಬಲಕ್ಕೆ ಹಗ್ಗ ಹಿಡಿದು ಗುರುತು ಹಾಕಿಸಿದರು. ಎರಡನೆಯ ದಿನ ಹುಲಿಗೆಮ್ಮನ ಕರಣಿಗೆ ಮೆತ್ತನೆಯ ಕಪ್ಪು ಮಣ್ಣಿನ ಒಂದು ದುಂಡು ಗುರುತು ಸಿಕ್ಕಿತು. ಒಂದೂವರೆ ಮೊಳದಾಚೆ ಇನ್ನೊಂದು. ಒಟ್ಟು ಐದು ಕುಳಿಗಳು ಸ್ವಲ್ಪ ಬಳಸಿಕೊಂಡು ಹೋಗಿ ಒಂದು ಚಪ್ಪಟೆ ಬಂಡೆಯ ಬಳಿ ನಿಂತವು.

ಆ ಬಂಡೆಯ ಸುತ್ತಲಿನ ಮಣ್ಣನ್ನು ಬ್ರಶ್ಶಿನಿಂದ ಬಿಡಿಸಲು ಆರು ದಿನ ಬೇಕಾಯಿತು. ಬಂಡೆಯ ಮೇಲೆ ಕಲ್ಲುಗೊಡಲಿಗಳನ್ನು ಉಜ್ಜಿ ಉಜ್ಜಿ ಬಿದ್ದ ದೋಣಿಯಾಕಾರದ ತಗ್ಗುಗಳಿದ್ದವು. ಸುತ್ತ ಸಾವಿರಾರು ಕರಿಕಲ್ಲಿನ ಚೂರುಗಳು, ಅರ್ಧ ಉಜ್ಜಿದ ನಲವತ್ತಕ್ಕೂ ಹೆಚ್ಚು ಕೊಡಲಿಗಳು. ಚೂರುಗಳು ಎಲ್ಲ ಕಡೆ ದಟ್ಟವಾಗಿ ಹರಡಿದ್ದವು. ಎಡಕ್ಕೆ ಮಾತ್ರ ಒಂದು ಪಟ್ಟಿ ಖಾಲಿ ಇತ್ತು, ಒಂದು ಚೂರೂ ಇಲ್ಲದೆ. ಅದರ ಉದ್ದ ಚಾಚಿದ ಒಂದು ಕಾಲಿನಷ್ಟು.

ಇಂಡಿಯವರು ಆ ಪಟ್ಟಿಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಮುಟ್ಟದೆ, ಅದರ ಮೇಲೆ ಅಂಗೈ ಹಿಡಿದರು. ಇಷ್ಟು ವರ್ಷ ಸಿಕ್ಕ ಕೊಡಲಿಗಳಲ್ಲಿ ಎಷ್ಟು ಇವನ ಕೈಯಿಂದ ಬಂದಿವೆಯೋ ಎಂದರು. ಅವರು ‘ಮೂರನೆಯವರು’ ಎನ್ನದೆ ‘ಇವನು’ ಎಂದದ್ದನ್ನು ವಾರಿಜಾ ಗಮನಿಸಿದಳು, ತಿದ್ದಲಿಲ್ಲ. ಹನ್ನೊಂದು ವರ್ಷ ತಾನು ಡಬ್ಬಿಯೊಂದರ ಬೆನ್ನು ಹತ್ತಿದ್ದು ಈ ಬೆಳಗಿಗಾಗಿ ಎಂದು ಅವಳಿಗೆ ಅನ್ನಿಸಿತು. ಆ ಬಂಡೆಯ ಸುತ್ತ ತನ್ನ ಯಂತ್ರಕ್ಕೆ ಓದಲು ಏನೂ ಇರಲಿಲ್ಲ. ಅದರಿಂದ ಅವಳಿಗೆ ಬೇಸರವೇನೂ ಆಗಲಿಲ್ಲ.

ಯಂಕೋಬನನ್ನು ಕರೆತರಲು ಟ್ರ್ಯಾಕ್ಟರ್ ಕಳಿಸಿದರು. ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಕೆಲಸಗಾರರೆಲ್ಲ ನೋಡುತ್ತಿರುವಾಗಲೇ ಹೆಂಡತಿಯ ಹೆಗಲ ಮೇಲೆ ಬಲಗೈ ಇಟ್ಟು, ಕಾಲು ಬೀಸುತ್ತ ಗುಂಡಿಯ ಅಂಚಿಗೆ ಬಂದು ಕುರ್ಚಿಯಲ್ಲಿ ಕೂತ. ಇಂಡಿಯವರು ಐದು ಕುಳಿಗಳನ್ನೂ ಬಂಡೆಯನ್ನೂ ಖಾಲಿ ಪಟ್ಟಿಯನ್ನೂ ಒಂದೊಂದಾಗಿ ತೋರಿಸಿ ವಿವರಿಸಿದರು.

“ಕೆಲಸಗಾರ ಇದ್ದ ಅನ್ರಿ,” ಎಂದ ಯಂಕೋಬ.

ಬಿಸಿಲು ಚುರುಕಾಗಿತ್ತು. ಟ್ರ್ಯಾಕ್ಟರ್ ನಿಂತೇ ಇದೆ, ಮನೆಗೆ ಹೋಗೋಣವೇ ಎಂದು ಹುಲಿಗೆಮ್ಮ ಕೇಳಿದಳು. ಯಂಕೋಬ ಶಾಮಿಯಾನದ ಕೆಳಗೆ ಬೇಸಿನ್ನುಗಳಲ್ಲಿ ಕಲ್ಲಿನ ಚೂರು ತೊಳೆಯುತ್ತಿದ್ದವರ ಕಡೆ ನೋಡುತ್ತಿದ್ದ.

“ಅದಕ್ಕ ಒಂದು ಕೈ ಸಾಕಾಗ್ತೈತಲ್ರೀ?” ಎಂದು ಇಂಡಿಯವರನ್ನು ಕೇಳಿದ. ಸಾಕು ಎಂದರು ಅವರು. “ಹಂಗಾರ ಟ್ರ್ಯಾಕ್ಟರ್ ಸಂಜಿಗಿ ಬರ್ಲಿ.”

ಸಂಜೆಯ ಹೊತ್ತಿಗೆ ಅವನು ಎರಡು ತಟ್ಟೆ ಚೂರುಗಳನ್ನು ತೊಳೆದು ಒಣಗಲು ಸಾಲಾಗಿ ಇಟ್ಟಿದ್ದ. ಬ್ರಶ್ಶು ಕಳಪೆ, ಕೂದಲು ಉದುರುತ್ತವೆ, ನಾಳೆಗೆ ಲಾರಿಯ ಗಾಜು ಒರೆಸುವ ಒಳ್ಳೆಯ ಬ್ರಶ್ಶು ಮನೆಯಿಂದ ತರುತ್ತೇನೆ ಎಂದು ಡಾ. ಇಂಡಿಯವರಿಗೆ ಹೇಳಿದ.